ಹದಿನಾರನೆಯ ಪುಟದ ಎಚ್ಚರಿಕೆ

"ಮೇಷ್ಟ್ರೇ, ಈ ವಯಸ್ಸಿನಲ್ಲಿ ನಿಮಗೆ ಈ ಉಸಾಬರಿ ಯಾಕೆ? ಲಿನಕ್ಸ್ ಹಾಕಿಕೊಳ್ಳುವುದು ಹೇಗೆಂದು ಇಂಗ್ಲಿಷಿನಲ್ಲಿ ಸಾವಿರ ಬರಹಗಳಿವೆ. ವಿಡಿಯೋಗಳಿಗಂತೂ ಲೆಕ್ಕವೇ ಇಲ್ಲ. ಅವನ್ನೆಲ್ಲ ನೋಡಿಯೂ ಮಾಡಿಕೊಳ್ಳಲಾಗದವರು ಲಿನಕ್ಸ್ ಮುಟ್ಟದಿರುವುದೇ ಕ್ಷೇಮ."

ಹೀಗೆಂದವನು ನನ್ನ ಹಳೆಯ ವಿದ್ಯಾರ್ಥಿ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ಗಣಿತ ಕಲಿತವನು. ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ದಿನವೆಲ್ಲ ಲಿನಕ್ಸ್ ಸರ್ವರುಗಳ ನಡುವೆಯೇ ಅವನ ಕೆಲಸ. ಸಂಕ್ರಾಂತಿಗೆ ಊರಿಗೆ ಬಂದಿದ್ದವನು ಎಳ್ಳು ಕೊಡಲು ಮನೆಗೂ ಬಂದ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ನಾವಿಬ್ಬರೂ ಒಂದು ಗಂಟೆ ಕಾಲ ಜಗಳವಾಡಿದೆವು. ಕಾಫಿ ತಂದಿಟ್ಟ ನನ್ನ ಹೆಂಡತಿ, "ಸಾಕು ಮಾಡಿ" ಎಂದಿದ್ದರಿಂದ ಅದು ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಮುಗಿಸುತ್ತೇನೆ. ಅವನೂ ಇದನ್ನು ಓದುತ್ತಾನೆಂಬುದನ್ನು ಬಲ್ಲೆ.

ಜಗಳಕ್ಕೆ ಕಾರಣವಾದದ್ದು ನಾನು ಬರೆದ ಹದಿನಾರು ಪುಟಗಳ ಒಂದು ಕೈಪಿಡಿ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿಕೊಳ್ಳುವ ಕ್ರಮವನ್ನು, ಮೌಸ್ ಹಿಡಿಯಲು ಬಂದರೆ ಸಾಕು ಎನ್ನುವವರಿಗೂ ತಿಳಿಯುವಂತೆ, ಕನ್ನಡದಲ್ಲಿ ಬರೆದದ್ದು. 2025ರ ದಸರೆಯ ಹೊತ್ತಿಗೆ ಮುಗಿಸಿ, ಜೆರಾಕ್ಸ್ ಮಾಡಿಸಿ, ನಂಟರಿಗೂ ನಿವೃತ್ತ ಸಹೋದ್ಯೋಗಿಗಳಿಗೂ ಹಂಚಿದ್ದೆ.

ಆಗಲೇ ಬರೆಯಲು ಕಾರಣವಿತ್ತು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಭದ್ರತಾ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಪಡೆಯಲು ಏರ್ಪಾಡೊಂದಿತ್ತು, ನಿಜ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. 2015, 2016ರಲ್ಲಿ ಕೊಂಡ ನಮ್ಮಂಥವರ ಯಂತ್ರಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಪೇಟೆಯ ಅಂಗಡಿಯವನು ನನ್ನ ಗೆಳೆಯರೊಬ್ಬರಿಗೆ, "ಇದು ಇನ್ನು ಗುಜರಿಗೆ ಸಾರ್, ಹೊಸದಕ್ಕೆ ನಲವತ್ತು ಸಾವಿರ ಇಟ್ಟುಕೊಳ್ಳಿ" ಎಂದನಂತೆ. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಆ ಗೆಳೆಯರು ಮಾಡುವುದು ಪತ್ರ ಬರೆಯುವುದು, ಪತ್ರಿಕೆ ಓದುವುದು, ಅಮೆರಿಕದ ಮೊಮ್ಮಗಳ ಮುಖ ನೋಡುವುದು, ಇಷ್ಟೇ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. 4 ಜಿಬಿ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಅದರ ಹಗುರವಾದ ರೂಪ ಚೆನ್ನಾಗಿಯೇ ಓಡುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಮಿಂಟ್‌ನ 22ನೆಯ ಆವೃತ್ತಿಗೆ 2029ರವರೆಗೂ ತಿದ್ದುಪಡಿಗಳು ದೊರೆಯುತ್ತವೆ. ಇದನ್ನು ತಿಳಿದಿದ್ದೂ ನಾನು ಸುಮ್ಮನಿರಬೇಕಿತ್ತೇ?

ನನಗೂ ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. 2011ರಿಂದೀಚೆಗೆ ನಮ್ಮ ರಾಜ್ಯದಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿಗಳು ನಡೆದವು. ಅಲ್ಲಿ ಮೊದಲ ಬಾರಿಗೆ ಉಬುಂಟು ಕಂಡೆ. ಜಿಯೋಜಿಬ್ರಾದಲ್ಲಿ ತ್ರಿಭುಜವೊಂದನ್ನು ಬರೆದು, ಶೃಂಗವನ್ನು ಹಿಡಿದೆಳೆದಾಗ ಮೂರು ಕೋನಗಳು ಬದಲಾಗುತ್ತಿದ್ದರೂ ಮೊತ್ತ ಮಾತ್ರ 180ರಲ್ಲೇ ನಿಂತದ್ದನ್ನು ನೋಡಿ, ಐವತ್ತು ದಾಟಿದ್ದ ನಾನು ಮಗುವಿನಂತೆ ಹಿಗ್ಗಿದ್ದೆ. ಇಪ್ಪತ್ತೈದು ವರ್ಷ ಸೀಮೆಸುಣ್ಣದಲ್ಲಿ ಅದನ್ನೇ ಸಾಧಿಸಿ ತೋರಿಸಿದವನು ನಾನು! ಆ ತರಬೇತಿಯಲ್ಲಿ ನನ್ನ ಪಕ್ಕ ಕುಳಿತು, ಬೇಸರಿಸದೆ, ಒಂದೇ ಮಾತನ್ನು ಮೂರು ಸಲ ಹೇಳಿದ ಎಳೆಯ ವಯಸ್ಸಿನ ಸಂಪನ್ಮೂಲ ವ್ಯಕ್ತಿಯನ್ನು ಈಗಲೂ ನೆನೆಯುತ್ತೇನೆ. ಆತ ಕನ್ನಡದಲ್ಲಿ ಹೇಳಿದ. ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ತಲೆಯಾಡಿಸಿ, ಊಟದ ಹೊತ್ತಿಗೆ ಮರೆತಿರುತ್ತಿದ್ದೆ.

ಈಗ ನನ್ನ ಶಿಷ್ಯನ ವಾದಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ ಎಂಬುದು ಮೊದಲನೆಯ ಮಾತು. ಇದೆ, ನಾನೂ ಓದಿದ್ದೇನೆ. ಅವುಗಳ ಮೊದಲ ಸಾಲೇ, "ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ" ಎಂದಿರುತ್ತದೆ. ಒಂದೇ ಸಾಲು! ಆ ಕಡತ ಸುಮಾರು 3 ಜಿಬಿ. ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಇಂಟರ್‌ನೆಟ್ ಎಂದರೆ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಅರ್ಧ ಇಳಿಯುವಷ್ಟರಲ್ಲಿ ಆ ದಿನದ ಪಾಲು ತೀರುತ್ತದೆ. ನಡುವೆ ಕಡಿದುಹೋದ ಕಡತವನ್ನು ಪೂರ್ತಿ ಇಳಿದದ್ದೆಂದು ತಿಳಿದು ಪೆನ್‌ಡ್ರೈವಿಗೆ ಬರೆದು, ಯಂತ್ರವೇ ಕೆಟ್ಟಿತೆಂದು ಕೈಬಿಟ್ಟವರನ್ನು ನಾನು ಬಲ್ಲೆ. ಇಳಿದ ಕಡತ ಸರಿಯಿದೆಯೇ ಎಂದು ತಾಳೆ ನೋಡುವ ಕ್ರಮವೂ ಆ ಬರಹಗಳಲ್ಲಿರುತ್ತದೆ, 'ಬೇಕಿದ್ದರೆ ಮಾಡಿ' ಎಂಬ ಷರಾದೊಂದಿಗೆ. ಅದು ಬೇಕೇ ಬೇಕು ಎಂಬಂಥ ಊರಿನವರು ಅವನ್ನು ಬರೆದಿಲ್ಲ. ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಏನಾದೀತು ಎಂದು ಯಾವ ಇಂಗ್ಲಿಷ್ ಕೈಪಿಡಿಯೂ ಹೇಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಮೊದಲು ಹೇಳಬೇಕಾದದ್ದೇ ಅದು: ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪಾದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ.

ವಿಡಿಯೋ ಇದೆಯಲ್ಲ ಎಂಬುದು ಎರಡನೆಯ ಮಾತು. ಇದಕ್ಕೆ ನನ್ನ ಉತ್ತರ ಚಿಕ್ಕದು. ಕಂಪ್ಯೂಟರನ್ನು ಮತ್ತೆ ಆರಂಭಿಸಿ ಒಂದು ಕೀಲಿಯನ್ನು ಸರಿಯಾದ ಗಳಿಗೆಯಲ್ಲಿ ಒತ್ತಬೇಕು. ಅದು ಒಂದು ಯಂತ್ರದಲ್ಲಿ ಎಫ್12, ಇನ್ನೊಂದರಲ್ಲಿ ಎಫ್9, ಮತ್ತೊಂದರಲ್ಲಿ ಎಸ್ಕೇಪ್. ವಿಡಿಯೋದಲ್ಲಿ ಅವನ ಯಂತ್ರದ ಕೀಲಿ ಕಾಣುತ್ತದೆ, ನಿಮ್ಮದಲ್ಲ. ಪೆನ್‌ಡ್ರೈವಿನಿಂದ ಯಂತ್ರ ಎದ್ದಮೇಲೆ ನಿಮ್ಮ ವೈಫೈ ಕಾಣದೇಹೋದರೆ ಏನು ಮಾಡಬೇಕು? ಮೊಬೈಲನ್ನು ಚಾರ್ಜರಿನ ತಂತಿಯಿಂದಲೇ ಕಂಪ್ಯೂಟರಿಗೆ ಸೇರಿಸಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಒತ್ತಿದರೆ ಆಯಿತು. ವಿಡಿಯೋದವನಿಗೆ ವೈಫೈ ಕಂಡಿತ್ತು, ಆದ್ದರಿಂದ ಅವನು ಈ ಮಾತೆತ್ತಲಿಲ್ಲ. ಕಾಗದವಾದರೆ ಪಕ್ಕದಲ್ಲಿಟ್ಟು, ಬೆರಳಿಟ್ಟು ಓದಬಹುದು, ಅಂಚಿನಲ್ಲಿ ಗುರುತು ಹಾಕಬಹುದು. ವಿಡಿಯೋ ನೋಡಬೇಕಾದ ಕಂಪ್ಯೂಟರೇ ಆಗ ಬಿಚ್ಚಿಟ್ಟ ಸಂಸಾರದಂತಿರುತ್ತದೆಂಬುದನ್ನೂ ಮರೆಯಬಾರದು.

ಇವೆರಡೂ ಸಣ್ಣ ಮಾತುಗಳು. ನನಗೆ ಸಿಟ್ಟು ಬಂದದ್ದು ಅವನ ಮೂರನೆಯ ಮಾತಿಗೆ, "ಆಗದವರು ಮುಟ್ಟದಿರುವುದೇ ಕ್ಷೇಮ" ಎಂಬುದಕ್ಕೆ. ಅವನು ಹಾಗೆನ್ನಲು ನಾನೇ ಹೇಳಿದ ಒಂದು ಸಂಗತಿ ಕಾರಣ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸಲ್ಲದು, ಆದ್ದರಿಂದ ನಿಮಗೂ ಹೇಳಿಬಿಡುತ್ತೇನೆ.

ನನ್ನ ಅಕ್ಕನ ಮಗ ಅಡಿಕೆ ತೋಟ ನೋಡಿಕೊಂಡಿದ್ದಾನೆ, ಪದವೀಧರ. ನನ್ನ ಕೈಪಿಡಿ ಹಿಡಿದು ತಾನೇ ಲಿನಕ್ಸ್ ಹಾಕಲು ಕುಳಿತ. ಏಳನೆಯ ಪುಟದಲ್ಲಿ ನಾನು ಹೀಗೆ ಬರೆದಿದ್ದೆ: "ಹಳೆಯದನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲನೆಯ ಆಯ್ಕೆಯನ್ನೂ, ಹಳೆಯದು ಬೇಡವೆನ್ನುವವರು ಎರಡನೆಯ ಆಯ್ಕೆಯನ್ನೂ ಒತ್ತಿ ಮುಂದುವರಿಯಿರಿ." ಎರಡನೆಯ ಆಯ್ಕೆ 'ಇರೇಸ್ ಡಿಸ್ಕ್'. ಹಳೆಯದು ಎಂದು ನಾನು ಬರೆದದ್ದು ಡಿಸ್ಕಿನಲ್ಲಿರುವ ಸಮಸ್ತವನ್ನೂ ಕುರಿತು. ಅವನು ತಿಳಿದದ್ದು ಹಳೆಯ ವಿಂಡೋಸ್ ಎಂದು. ಹಾಗೆ ತಿಳಿದದ್ದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಕಡೆ ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದರೆ 'ಸಿ' ಡ್ರೈವ್ ಮಾತ್ರ ಅಳಿಯುತ್ತದೆ, 'ಡಿ' ಡ್ರೈವಿನಲ್ಲಿಟ್ಟದ್ದು ಭದ್ರ. ಇದು ಇಪ್ಪತ್ತು ವರ್ಷಗಳಿಂದ ಎಲ್ಲರೂ ಕಲಿತ ಪಾಠ. ಆದ್ದರಿಂದಲೇ ಜನ ಬೇಕಾದ್ದನ್ನೆಲ್ಲ 'ಡಿ'ಯಲ್ಲಿಡುತ್ತಾರೆ. 'ಇರೇಸ್ ಡಿಸ್ಕ್' ಎಂದರೆ 'ಡಿ'ಯೂ ಹೋಗುತ್ತದೆ.

ಅವನ 'ಡಿ'ಯಲ್ಲಿದ್ದದ್ದು ನಮ್ಮ ಭಾವನವರ ಫೋಟೋಗಳು. ಭಾವನವರು 2021ರಲ್ಲಿ ತೀರಿಕೊಂಡರು. ಮದುವೆ ಮುಂಜಿಗಳ ಚಿತ್ರಗಳಲ್ಲದೆ, ಅವರ ಕೊನೆಯ ಎರಡು ವರ್ಷಗಳ ಚಿತ್ರಗಳೆಲ್ಲ ಅಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ.

"ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ" ಎಂಬ ವಾಕ್ಯ ನನ್ನ ಕೈಪಿಡಿಯಲ್ಲಿ ಇತ್ತು. ಹದಿನಾರನೆಯ ಪುಟದಲ್ಲಿ, ಕೊನೆಯಲ್ಲಿ, 'ವಿಶೇಷ ಸೂಚನೆಗಳು' ಎಂಬ ತಲೆಬರಹದ ಕೆಳಗೆ, ನಾಲ್ಕನೆಯದಾಗಿ!

ಆ ರಾತ್ರಿ ಅವನು ಫೋನು ಮಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. "ಮಾವ, ಹದಿನಾರನೇ ಪುಟದ ಮಾತನ್ನು ಏಳನೇ ಪುಟದಲ್ಲಿ ಬರೆಯಬಹುದಿತ್ತು" ಎಂದ, ಅಷ್ಟೇ. ನನ್ನ ಮೂವತ್ತನಾಲ್ಕು ವರ್ಷದ ಅಧ್ಯಾಪನವನ್ನು ಯಾವ ವಿಷಯ ಪರಿವೀಕ್ಷಕರೂ ಇಷ್ಟು ಸರಿಯಾಗಿ ತೂಗಿರಲಿಲ್ಲ.

ಇದನ್ನು ಕೇಳಿ ನನ್ನ ಶಿಷ್ಯ ಹೇಳಿದ್ದು: "ಬ್ಯಾಕಪ್ ಇಟ್ಟುಕೊಳ್ಳುವುದು ಬಳಸುವವನ ಜವಾಬ್ದಾರಿ ಮೇಷ್ಟ್ರೇ, ಸಾಮಾನ್ಯ ಜ್ಞಾನ. ಅಲ್ಲದೆ ಪರದೆಯ ಮೇಲೇ, ಎಲ್ಲವೂ ಅಳಿಸಿಹೋಗುತ್ತದೆಂದು ಇಂಗ್ಲಿಷಿನಲ್ಲಿ ಬರೆದಿರುತ್ತದಲ್ಲ! ಅವನು ಓದಬೇಕಿತ್ತು."

ಹೌದು, ಬರೆದಿರುತ್ತದೆ. ನನ್ನ ಸೋದರಳಿಯನಿಗೆ ಇಂಗ್ಲಿಷ್ ಓದಲೂ ಬರುತ್ತದೆ. ಆದರೂ ಏಕೆ ಓದಲಿಲ್ಲ? ನಾನಿದ್ದೆನೆಂದು ಓದಲಿಲ್ಲ! ಹೊಳೆ ದಾಟುವಾಗ ಮುಂದಿನವನ ಕೈ ಹಿಡಿದವನು ನೀರಿನ ಆಳ ನೋಡುವುದಿಲ್ಲ, ಮುಂದಿನವನ ಹೆಜ್ಜೆ ನೋಡುತ್ತಾನೆ. ಕೈಪಿಡಿ ಎಂಬ ಶಬ್ದದಲ್ಲೇ ಕೈ ಇದೆ. ಕೈ ಕೊಟ್ಟಮೇಲೆ, ಕೆಳಗೆ ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ ಎಂದು ನಡುನೀರಿನಲ್ಲಿ ಹೇಳುವುದು ಎಂಥ ನ್ಯಾಯ? ಏಳನೆಯ ಪುಟದಲ್ಲಿ ಅವನು ಎಡವಿದ್ದಾನೆಂದರೆ ಏಳನೆಯ ಪುಟ ಸರಿಯಿಲ್ಲ. ತರಗತಿಯ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿ ಒಂದೇ ಲೆಕ್ಕವನ್ನು ಒಂದೇ ರೀತಿಯಲ್ಲಿ ತಪ್ಪು ಮಾಡಿದರೆ ಮಕ್ಕಳು ದಡ್ಡರೆನ್ನುವ ಮೇಷ್ಟ್ರನ್ನು ನಾವು ಮೇಷ್ಟ್ರೆಂದು ಒಪ್ಪುತ್ತೇವೆಯೇ? ಕುಣಿಯಲಾರದವಳು ನೆಲ ಡೊಂಕು ಎಂದಳೆಂಬುದು ಗಾದೆ. ಕಂಪ್ಯೂಟರ್ ಬಲ್ಲವರು ಅದನ್ನು ತಿರುಗಿಸಿದ್ದಾರೆ: ಕುಣಿಸಲು ಬಾರದ ಇವರು, ಕುಣಿಯಲು ಬಂದವಳ ಕಾಲೇ ಡೊಂಕೆನ್ನುತ್ತಾರೆ.

'ಸಾಮಾನ್ಯ ಜ್ಞಾನ' ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನಮಗೆ ಎಂದು, ಹೇಗೆ ತಿಳಿಯಿತೆಂಬುದನ್ನು ಮರೆತ ವಿಷಯಕ್ಕೆ ನಾವಿಟ್ಟ ಹೆಸರು ಅದು. ಅಡುಗೆ ಪುಸ್ತಕದಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು' ಎಂದಿರುತ್ತದಲ್ಲ, ಹಾಗೆ. ಸಾರು ಮಾಡಿ ಗೊತ್ತಿದ್ದವಳಿಗೆ ಆ ಮಾತು ಬೇಡ, ಗೊತ್ತಿಲ್ಲದವನಿಗೆ ಅದರಿಂದ ಉಪಯೋಗವಿಲ್ಲ. ಲಿನಕ್ಸಿನ ಬರಹಗಳಲ್ಲಿ, "ಡಿಸ್ಕನ್ನು ಅಗತ್ಯಕ್ಕೆ ತಕ್ಕಂತೆ ವಿಭಾಗಿಸಿ" ಎಂಬುದು ಇಂಥದ್ದೇ ಉಪ್ಪು. ನಾನು ಪಾರ್ಟಿಶನ್ ಎಂಬುದನ್ನು ಜಮೀನಿನ ಹಿಸ್ಸೆಗೆ ಹೋಲಿಸಿ ಬರೆದೆ: ಸರ್ವೆ ನಂಬರು ಒಂದೇ, ಹಿಸ್ಸೆ ಎರಡು, ನಡುವೆ ಬೇಲಿ. ಒಂದು ಹಿಸ್ಸೆಯಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಶಿಷ್ಯ ನಕ್ಕ. ರೈತರಾದ ನನ್ನ ಓದುಗರು ಯಾರೂ ನಗಲಿಲ್ಲ, ಅವರಿಗೆ ಅರ್ಥವಾಯಿತು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕೆಂಬುದು ಬಿ.ಎಡ್. ತರಗತಿಯಲ್ಲಿ ನಮಗೆ ಉರು ಹೊಡೆಸಿದ ಸೂತ್ರ. ಅದನ್ನು ಕಲಿಯಲು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಏರ್ಪಾಡಿದ್ದಂತಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಟೈಪು ಮಾಡಿದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ, ಚುಕ್ಕೆ ಕೂಡ. ಪಕ್ಕದವರು ಅಕ್ಷರಗಳನ್ನು ಎಣಿಸಬಾರದೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ನನ್ನ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರು ಕೀಲಿಮಣೆ ಕೆಟ್ಟಿತೆಂದು ಹೊಸದನ್ನೇ ಕೊಂಡುತಂದರು. ಹೊಸದರಲ್ಲೂ ಮೂಡಲಿಲ್ಲ. "ಕಾಣುವುದಿಲ್ಲ, ಆದರೂ ಟೈಪಾಗುತ್ತಿರುತ್ತದೆ, ಹೆದರಬೇಡಿ" ಎಂಬ ಒಂದು ಸಾಲು ಅವರ ಆ ಖರ್ಚನ್ನು ಉಳಿಸುತ್ತಿತ್ತು.

ಕನ್ನಡದ ಕಡೆಯಿಂದಲೂ ಒಂದು ಆಕ್ಷೇಪ ಬಂತು. ನಾನು ಬಹಳ ಗೌರವಿಸುವ ಪಂಡಿತರೊಬ್ಬರು, ಕೈಪಿಡಿಯಲ್ಲಿ ಪೆನ್‌ಡ್ರೈವ್, ಫೋಲ್ಡರ್, ಇನ್‌ಸ್ಟಾಲ್ ಎಂದೆಲ್ಲ ಬರೆದದ್ದು ಭಾಷೆಗೆ ಬಗೆದ ಅಪಚಾರವೆಂದರು. ಪರದೆಯ ಮೇಲೆ 'ಕಂಟಿನ್ಯೂ' ಎಂಬ ಗುಂಡಿಯಿರುವಾಗ ನಾನು 'ಮುನ್ನಡೆ ಒತ್ತಿರಿ' ಎಂದು ಬರೆದರೆ ಓದುವವರು ಮುನ್ನಡೆಯನ್ನು ಎಲ್ಲಿ ಹುಡುಕಬೇಕು? ಮಿಂಟ್ ಹಾಕುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ನೋಡಿ ಸಂತೋಷಪಟ್ಟೆ. ಆದರೆ ಅನುವಾದ ಅರ್ಧಂಬರ್ಧ. ತೊಂದರೆ ಬಂದಾಗ ಪರದೆಯ ಮಾತನ್ನು ಹಾಗೆಯೇ ಹಾಕಿ ಪರಿಹಾರ ಹುಡುಕಲು ಇಂಗ್ಲಿಷೇ ಅನುಕೂಲ. ಆದ್ದರಿಂದ ಮೊದಲ ಸಲ ಇಂಗ್ಲಿಷನ್ನೇ ಆರಿಸಿರೆಂದು, ಮನಸ್ಸಿಲ್ಲದ ಮನಸ್ಸಿನಿಂದ ಬರೆದಿದ್ದೇನೆ. ಅನುವಾದ ಪೂರ್ತಿಯಾಗಿಲ್ಲದಿರುವುದಕ್ಕೂ ಕಾರಣ ಅದೇ: ಬಲ್ಲವರು ಕೈಹಾಕಲಿಲ್ಲ. ಹಾಕಿದ ಕೆಲವೇ ಮಂದಿ ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ಮಾಡಿದ್ದಾರೆ, ಅವರಿಗೆ ನಮಸ್ಕಾರ.

ಕನ್ನಡದಲ್ಲಿ ಆಗದೆನ್ನುವವರು ಕಾಸರಗೋಡಿನ ಕಡೆ ತಿರುಗಿ ನೋಡಬೇಕು. ಕೇರಳದ ಶಾಲೆಗಳು 'ಐಟಿ@ಸ್ಕೂಲ್' ಯೋಜನೆಯಡಿಯಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಬದಲಾಗಿ ಬಹಳ ವರ್ಷಗಳಾದವು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯ ಕನ್ನಡದಲ್ಲೇ ಇದೆ. ಅಲ್ಲಿ ಹದಿಮೂರು ವರ್ಷದ ಹುಡುಗಿ ಮಾಡುವುದನ್ನು ಇಲ್ಲಿ ಅರವತ್ತರ ಪೋಸ್ಟ್ ಮಾಸ್ಟರರು ಮಾಡಲಾರರೇ?

ಹಾಗೆಂದು ನನ್ನ ಮೊದಲ ಕೈಪಿಡಿಯನ್ನು ಸಮರ್ಥಿಸಿಕೊಳ್ಳುತ್ತಿಲ್ಲ. ಅದನ್ನು ಬರೆದದ್ದು ಮೇಜಿನ ಮುಂದೆ, ಒಬ್ಬನೇ ಕುಳಿತು. ಅಲ್ಲಿಯೇ ತಪ್ಪಿದ್ದೆ. ಎರಡನೆಯದನ್ನು ಬೇರೆ ರೀತಿಯಲ್ಲಿ ಮಾಡಿದೆ. ಪೋಸ್ಟ್ ಮಾಸ್ಟರರನ್ನು ಒಂದು ಹಳೆಯ ಯಂತ್ರದ ಮುಂದೆ ಕೂರಿಸಿ, ಕೈಗೆ ಕಾಗದ ಕೊಟ್ಟು, ನಾನು ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಬಾಯಿ ಬಿಡಬಾರದೆಂಬುದು ನನಗೆ ನಾನೇ ಹಾಕಿಕೊಂಡ ನಿಯಮ. ಜೀವಮಾನವಿಡೀ ಮಾತಾಡಿಯೇ ಅನ್ನ ಸಂಪಾದಿಸಿದವನಿಗೆ ಅದೆಂಥ ಶಿಕ್ಷೆ! ಅವರು ಎಲ್ಲೆಲ್ಲಿ ನಿಂತು ಕನ್ನಡಕ ಸರಿಪಡಿಸಿಕೊಂಡರೋ ಅಲ್ಲೆಲ್ಲ ನನ್ನ ಪ್ರತಿಯಲ್ಲಿ ಕೆಂಪು ಗುರುತು ಹಾಕಿದೆ. ಮೊದಲ ದಿನ ಇಪ್ಪತ್ತಮೂರು ಗುರುತುಗಳಾದವು. ತಿದ್ದಿ ನನ್ನ ನಾದಿನಿಗೆ ಕೊಟ್ಟೆ, ಒಂಬತ್ತಾದವು. ಒಂದೂ ನಾನು ಊಹಿಸಿದ್ದ ಜಾಗವಾಗಿರಲಿಲ್ಲ. ಅವುಗಳಲ್ಲೊಂದು ಇದು: ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಲಿನಕ್ಸಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಸರಿಯಾಗುತ್ತದೆ. ಮೇಷ್ಟರುಗಳ ಬಳಿ ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆಗಳು ಹಾಗೆಯೇ ಇವೆ, ನೋಡಿದೊಡನೆ ಎದೆ ಧಸಕ್ಕೆನ್ನುತ್ತದೆ. ಮುಂದೆ ಟೈಪು ಮಾಡಲು ಐಬಸ್, ಎಂ17ಎನ್ ಎಂಬೆರಡನ್ನು ಹಾಕಿಕೊಂಡರೆ ಕೈಗೆ ರೂಢಿಯಾದ ಕೆಜಿಪಿ ಕೀಲಿವಿನ್ಯಾಸವೇ ಅಲ್ಲೂ ಸಿಗುತ್ತದೆ.

ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಇರುವ ನನ್ನ ಹುಡುಗರೇ, ಹುಡುಗಿಯರೇ, ಈ ಕೆಲಸವನ್ನು ನನ್ನಂಥ ಅರೆತಿಳಿವಿನ ಮೇಷ್ಟರು ಮಾಡಬೇಕಾಗಿ ಬಂದದ್ದೇ ನನ್ನ ತಕರಾರು. ನಿಮಗೆ ನನ್ನ ನೂರರಷ್ಟು ಗೊತ್ತಿದೆ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದಾಗ ತಾನು ಮಾಡಿದ್ದನ್ನು ಎಲ್ಲರ ಮುಂದಿಟ್ಟ. ಅದನ್ನು ಕಟ್ಟಿ ಬೆಳೆಸಿದವರೂ ಮುಚ್ಚಿಡಲಿಲ್ಲ. ನಿಮ್ಮ ಸಂಬಳದ ಅನ್ನದಲ್ಲಿ ಆ ಪುಕ್ಕಟೆ ಅಗುಳುಗಳಿವೆ. ಸ್ವತಂತ್ರ ತಂತ್ರಾಂಶಕ್ಕೆ ಸ್ವತಂತ್ರವಾದ ಕೈಪಿಡಿಯೂ ಬೇಕೆಂದು ರಿಚರ್ಡ್ ಸ್ಟಾಲ್‌ಮನ್ ಬಹಳ ಹಿಂದೆಯೇ ವಾದಿಸಿದ್ದಾರೆ. ನೀವು ಆ ಬರಹವನ್ನು ಇಂಗ್ಲಿಷಿನಲ್ಲಿ ಓದಿ ಮೆಚ್ಚಿರುತ್ತೀರಿ. ಊರಿಗೆ ಬಂದಾಗ ಅಪ್ಪನ ಕಂಪ್ಯೂಟರನ್ನು ಹತ್ತು ನಿಮಿಷದಲ್ಲಿ ಸರಿಮಾಡಿ, "ಏನೂ ಮುಟ್ಟಬೇಡಪ್ಪ" ಎಂದು ಹೇಳಿ ಬಸ್ಸು ಹತ್ತುತ್ತೀರಿ. ಮುಂದಿನ ಹಬ್ಬದವರೆಗೆ ಅಪ್ಪ ಅದನ್ನು ಬಟ್ಟೆ ಹೊದಿಸಿ ಇಡುತ್ತಾರೆ. ಆ ಹತ್ತು ನಿಮಿಷದಲ್ಲಿ ಮಾಡಿದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟರೆ ಏನು ಕಳೆದುಕೊಳ್ಳುತ್ತೀರಿ?

ಎರಡನೆಯ ಆವೃತ್ತಿ ಇಪ್ಪತ್ತೆರಡು ಪುಟಗಳಾಗಿವೆ. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದವರು ಅದೇ ಷರತ್ತಿನ ಮೇಲೆ ಮುಂದಿನವರಿಗೆ ಕೊಡತಕ್ಕದ್ದು. ಇಂಟರ್‌ನೆಟ್ ತೊಂದರೆಯಿರುವವರಿಗೆ ಐಎಸ್‌ಒ ಬರೆದ ಪೆನ್‌ಡ್ರೈವುಗಳು ನನ್ನ ಬಳಿ ನಾಲ್ಕಿವೆ, ಒಯ್ದು ಹಿಂದಿರುಗಿಸಿ. ಮೊದಲನೆಯ ಪುಟದಲ್ಲಿ ಚೌಕಟ್ಟಿನೊಳಗೆ ಒಂದೇ ಮಾತಿದೆ: ನಿಮ್ಮ ಫೋಟೋ, ಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟು ಬಂದಮೇಲೆ ಮಾತ್ರ ಎರಡನೆಯ ಪುಟ ತಿರುವಿರಿ. ಏಳನೆಯ ಪುಟದಲ್ಲಿ ಅದೇ ಮಾತು ಮತ್ತೊಮ್ಮೆ ಇದೆ, 'ಡಿ' ಡ್ರೈವೂ ಅಳಿಯುತ್ತದೆ ಎಂಬುದರೊಂದಿಗೆ.

ಅಕ್ಕನ ಮನೆಯ ಯಂತ್ರವನ್ನು ಬಳಸದೆ ಹಾಗೆಯೇ ಇಡಲು ಹೇಳಿ, ಫೋಟೋರೆಕ್ ಎಂಬ ಸ್ವತಂತ್ರ ತಂತ್ರಾಂಶವನ್ನು ಹಾಕಿ ಹುಡುಕಿದೆವು. ಹಳೆಯ ಬಗೆಯ ಹಾರ್ಡ್ ಡಿಸ್ಕಾದ್ದರಿಂದ, ಹೊಸದನ್ನು ಬರೆಯದೇ ಉಳಿದಿದ್ದ ಜಾಗದಲ್ಲಿ ಬಹಳಷ್ಟು ಚಿತ್ರಗಳು ಇನ್ನೂ ಇದ್ದವು. ಎಲ್ಲವೂ ಬರಲಿಲ್ಲ. ಬಂದವುಗಳಿಗೂ ಹೆಸರಿಲ್ಲ, ಫೋಲ್ಡರಿಲ್ಲ, ಬರೀ ಅಂಕಿಗಳು. ಅಕ್ಕ ಈಗ ಸಂಜೆ ದೀಪ ಹಚ್ಚಿದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೇ ತೆರೆದು, ಇದು ಯಾವ ಊರು, ಯಾರ ಮದುವೆ ಎಂದು ಹೇಳಿ ಬರೆಸುತ್ತಾಳೆ. ಮೊನ್ನೆ ನಾನು ಹೋದಾಗ ನಾನ್ನೂರ ಹನ್ನೆರಡನೆಯದಕ್ಕೆ ಬಂದಿದ್ದರು.